ಬಿದ್ದ ಟವರು ಮತ್ತು ಹಳದಿ ಬೆಡ್‌ಶೀಟು

ಇಂದ,
ಲಾಡ್ಜಿನ ಬಟ್ಟೆ ಒಗೆಯುವವಳು,
ನೀಲಿ ನೀರಿನ ಟ್ಯಾಂಕಿನ ಮನೆ,
ಮೂರನೇ ಅಡ್ಡರಸ್ತೆ (ಮೊದಲು ನೆರಳಿನಲ್ಲಿದ್ದದ್ದು, ಈಗ ಬಿಸಿಲಿನಲ್ಲಿರುವುದು).

ಗೆ,
ಮಾನ್ಯ ಅಧ್ಯಕ್ಷರು,
ಬಿದ್ದ ಜೋಡಿ ಟವರುಗಳನ್ನು ಮತ್ತೆ ಕಟ್ಟಬೇಕೋ ಬೇಡವೋ ಎಂಬ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಸಂಗ್ರಹಿಸುವ ಸಮಿತಿ,
ತಾತ್ಕಾಲಿಕ ಕಚೇರಿ, ಟವರು ಬಿದ್ದ ಜಾಗದ ಎದುರು.

ವಿಷಯ: ಒಂದು ಮನೆಗೆ ಒಂದೇ ಅಭಿಪ್ರಾಯ ಕೊಡಲು ನಮ್ಮ ಮನೆಯಿಂದ ಆಗದಿರುವ ಬಗ್ಗೆ, ಹಾಗೂ ಅದರ ಬದಲಿಗೆ ನನ್ನ ಯಜಮಾನರನ್ನು ಒಮ್ಮೆ ಮೇಲಕ್ಕೆ ಕಳಿಸಿಕೊಡುವ ಬಗ್ಗೆ. (ಕ್ರೇನಿನಲ್ಲಿ. ಅಪಾರ್ಥ ಮಾಡಿಕೊಳ್ಳಬಾರದು.)

ಉಲ್ಲೇಖ:
1. 'ಕಟ್ಟಲೇಬೇಡಿ' ಎಂದು ನಾನು ಹಾಕಿದ ಅರ್ಜಿ.
2. 'ಕಟ್ಟಲೇಬೇಕು' ಎಂದು ನನ್ನ ಯಜಮಾನರು ಬರೆದು, ನನಗೆ ಗೊತ್ತಿಲ್ಲದಂತೆ ಅದೇ ಲಕೋಟೆಗೆ ತುರುಕಿದ ಅರ್ಜಿ.
3. ತಮ್ಮ ಕಚೇರಿಯ ಹಿಂಬರಹ: "ಒಂದು ಮನೆಗೆ ಒಂದೇ ಅಭಿಪ್ರಾಯ. ಸದರಿ ಅಭಿಪ್ರಾಯವು ಭಾವನೆಯದ್ದೋ ವ್ಯವಹಾರದ್ದೋ ಎಂಬುದನ್ನು ನಮೂದಿಸತಕ್ಕದ್ದು. ಅರ್ಜಿಯ ಭಾಷೆಯೂ ಅರ್ಜಿಯ ಹಾಗಿಲ್ಲ. ಸರಿಪಡಿಸಿ ತರುವುದು."

ಮಾನ್ಯರೇ,

ಮೇಲ್ಕಂಡ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಭಾಷೆಯನ್ನು ಸರಿಪಡಿಸಿದ್ದೇನೆ. ಮೊದಲ ಅರ್ಜಿಯನ್ನು "ಸಾರ್, ನಮಸ್ಕಾರ, ನನಗೆ ಕುಣಿಯೋಷ್ಟು ಖುಷಿಯಾಗಿದೆ" ಎಂದು ಶುರು ಮಾಡಿದ್ದು ತಪ್ಪಾಯಿತು. ಈ ಸಲ 'ಸದರಿ', 'ಮೇಲ್ಕಂಡ', 'ಆದ್ದರಿಂದ', 'ಕಾರಣ' ಎಲ್ಲವನ್ನೂ ಧಾರಾಳವಾಗಿ ಹಾಕಿದ್ದೇನೆ. ಸಾಲದಿದ್ದರೆ ಹೇಳಿ ಕಳಿಸಿ, ಇನ್ನಷ್ಟು ಹಾಕಿಕೊಡುತ್ತೇನೆ. ಅಭಿಪ್ರಾಯವನ್ನು ಮಾತ್ರ ಸರಿಪಡಿಸಲು ಆಗಲಿಲ್ಲ. ಕಾರಣಗಳು ಈ ಕೆಳಗಿನಂತಿವೆ.

1. ಸದರಿ ಜೋಡಿ ಟವರುಗಳನ್ನು ಜನ 'ಗಂಡ ಹೆಂಡತಿ' ಎಂದು ಕರೆಯುತ್ತಿದ್ದರು. ಪಕ್ಕಪಕ್ಕದಲ್ಲಿ ನಿಂತೂ ಒಂದಕ್ಕೊಂದು ಮಾತಿಲ್ಲದ್ದೇ ಅದಕ್ಕೆ ಕಾರಣ. ನನ್ನ ಯಜಮಾನರು 'ಗಂಡ' ಟವರಿನಲ್ಲಿ ಲಿಫ್ಟ್ ನಡೆಸುತ್ತಿದ್ದರು. ಒಂದು ರಜೆಯ ದಿನ ಬೆಳಿಗ್ಗೆ ಭೂಮಿ ನಡುಗಿತು, ಎರಡೂ ಒಟ್ಟಿಗೆ ಬಿದ್ದವು. ದೇವರ ದಯೆ, ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಕಾವಲುಗಾರ ಕೂಡ ಟೀ ಕುಡಿಯಲು ರಸ್ತೆ ದಾಟಿದ್ದ. ಗ್ಲಾಸು ಕೈಯಲ್ಲಿ ಹಿಡಿದುಕೊಂಡೇ ಅರವತ್ತು ಮಹಡಿ ಕೆಳಗೆ ಕೂರುವುದನ್ನು ನೋಡಿದ. ನಮ್ಮ ಮನೆಯಲ್ಲಿ ಒಂದು ಟೀ ಕಪ್ಪಿನ ಹಿಡಿ ಮುರಿಯಿತು. ಟವರಿಗಾಗಿ ಊರೆಲ್ಲ ಅತ್ತಿತು, ಹಿಡಿಗಾಗಿ ನಮ್ಮ ಅತ್ತೆ ಒಬ್ಬರೇ ಅತ್ತರು.

2. ಧೂಳು ಅಡಗಿದ ಮೇಲೆ ನಮ್ಮ ತಾರಸಿಗೆ ಬಿಸಿಲು ಬಂತು. ಮಾನ್ಯರೇ, ಬಿಸಿಲು! ಮದುವೆಯಾಗಿ ಈ ಮನೆಗೆ ಕಾಲಿಟ್ಟಾಗಿನಿಂದ ನಾನು ಅದನ್ನು ಹೊಟ್ಟೆ ತುಂಬ ಕಂಡವಳಲ್ಲ. ಒಂದು ಟವರಿನ ನೆರಳು ಸರಿಯುವುದರೊಳಗೆ ಇನ್ನೊಂದರದ್ದು ಬರುತ್ತಿತ್ತು. ನಡುಮಧ್ಯಾಹ್ನ, ಎರಡೂ ಊಟಕ್ಕೆ ಹೋದವೇನೋ ಎಂಬಂತೆ, ಚೂರು ಬೆಳಕು ಬಿದ್ದರೆ ಅದೇ ಭಾಗ್ಯ. ಒಗೆದ ಬೆಡ್‌ಶೀಟು ಇವತ್ತು ಹಾಕಿದರೆ ನಾಳೆಗೂ ಹಸಿ. ಲಾಡ್ಜಿನ ಮಾಲೀಕರು ಮೂಗಿನ ಹತ್ತಿರ ಹಿಡಿದು, "ಏನಮ್ಮ ಇದು, ಮಲಗೋಕೆ ಬಂದವರು ಎದ್ದು ಓಡಿಹೋಗ್ತಾರೆ" ಎನ್ನುತ್ತಿದ್ದರು. ಈಗ ಹಾಕಿ ಕೆಳಗಿಳಿದು ಒಂದು ಟೀ ಕುಡಿದು ಮೇಲೆ ಹೋದರೆ ಒಣಗಿ ಗರಿಗರಿ! ಮೊದಲನೇ ದಿನ ನಾನು ತಾರಸಿಯಲ್ಲಿ ಒಬ್ಬಳೇ ಕುಣಿದದ್ದು ನಿಜ. ಎದುರುಮನೆಯವರು ನೋಡಿದ್ದೂ ನಿಜ. ಆದ್ದರಿಂದಲೇ ಉಲ್ಲೇಖ (1)ರ ಅರ್ಜಿ.

ತಮ್ಮ ನಮೂನೆಯಲ್ಲಿ 'ಭಾವನೆ', 'ವ್ಯವಹಾರ' ಎಂದು ಎರಡು ಚೌಕಗಳಿದ್ದು, ಒಂದಕ್ಕೆ ಮಾತ್ರ ಗುರುತು ಹಾಕತಕ್ಕದ್ದು ಎಂದಿದೆ. ಬೆಡ್‌ಶೀಟು ಬೇಗ ಒಣಗಿದರೆ ಅದು ವ್ಯವಹಾರ, ಒಪ್ಪಿದೆ. ಒಣಗಿದ ಬೆಡ್‌ಶೀಟಿಗೆ ಮುಖ ಒತ್ತಿಕೊಂಡಾಗ ಬರುವ ಬಿಸಿಲಿನ ವಾಸನೆ ಯಾವ ಚೌಕಕ್ಕೆ ಸೇರುತ್ತದೆ? ತಮ್ಮ ಕೌಂಟರಿನಲ್ಲಿ ಕೇಳಿದೆ. "ಅದಕ್ಕೆ ಬೇರೆ ಅರ್ಜಿ ಹಾಕಿ" ಎಂದರು.

3. ನನ್ನ ಯಜಮಾನರು ಅಳಲಿಲ್ಲ, ಕುಣಿಯಲೂ ಇಲ್ಲ. ರಜೆ ಮುಗಿದ ದಿನ ಎಂದಿನ ಹೊತ್ತಿಗೆ ಎದ್ದು, ಸ್ನಾನ ಮಾಡಿ, ಕೆಲಸದ ನೀಲಿ ಕೋಟು ತೊಟ್ಟು, ಟೋಪಿ ಇಟ್ಟುಕೊಂಡು, ಊಟದ ಡಬ್ಬಿ ಹಿಡಿದು, ಮಲಗುವ ಕೋಣೆಯ ಬಟ್ಟೆ ಬೀರುವಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸದರಿ ಬೀರು ಹಳೇ ಕಾಲದ್ದು, ಲಾಡ್ಜಿನವರು ಜಾಗಕ್ಕೆ ಅಡ್ಡವೆಂದು ನಮಗೆ ದಾಟಿಸಿದ್ದು. ಒಳಗೆ ಇಬ್ಬರು ಆರಾಮವಾಗಿ ನಿಲ್ಲಬಹುದು. ನಾನು ಹೆದರಿ ಬಾಗಿಲು ತಟ್ಟಿದೆ. ತೆಗೆದು, ನನ್ನ ಮುಖ ನೋಡದೆ ನೆಟ್ಟಗೆ ನಿಂತು ಕೇಳಿದರು:

"ಮೇಲಕ್ಕಾ, ಕೆಳಕ್ಕಾ?"

"ರೀ, ನನ್ನ ಸ್ವೆಟರ್ ಬೇಕಿತ್ತು."

"ಎಷ್ಟನೇ ಮಹಡಿ?"

ಇಣುಕಿದೆ. ಮೇಲಿನಿಂದ ಎರಡನೇ ಖಾನೆಯಲ್ಲಿತ್ತು. "ಐವತ್ತೊಂಬತ್ತು" ಎಂದೆ. ಕೈ ಚಾಚಿ ತೆಗೆದುಕೊಟ್ಟು, "ಬಾಗಿಲಿಂದ ದೂರ ನಿಲ್ಲಿ" ಎಂದು ಮುಚ್ಚಿಕೊಂಡರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲು ನಕ್ಕೆ. ಅಳುವುದನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡೆ, ಬಟ್ಟೆ ಹರವಿ ಆದ ಮೇಲೆ. ಅವತ್ತಿನಿಂದ ದಿನವೂ ಇದೇ ಕಥೆ. ಆಫೀಸಿನ ಹೊತ್ತಿಗೆ ಒಳಗೆ, ಆಫೀಸು ಬಿಡುವ ಹೊತ್ತಿಗೆ ಹೊರಗೆ. ಸಂಜೆ ಹೊರಬಂದವರು ಊಟ ಮಾಡಿ, ಗೋಡೆ ನೋಡುತ್ತ ಕೂರುವರು. ತಮ್ಮ ಟವರು ಏಳಲಿ ಬಿಡಲಿ, ನನ್ನ ಗಂಡ ಬೀರುವಿನಿಂದ ಹೊರಗೆ ಬರಬೇಕಿತ್ತು. ನನಗೆ ಬೇಕಾಗಿದ್ದದ್ದು ಅದೊಂದೇ.

4. ಅತ್ತೆಗೆ ಮಾತ್ರ ಇದರಿಂದ ಬಹಳ ಅನುಕೂಲವಾಯಿತು. ಸಿಬ್ಬಂದಿಯ ಮನೆಯವರಿಗೆ ಟವರಿನೊಳಗೆ ಪ್ರವೇಶವಿಲ್ಲದ ಕಾರಣ, ಮಗ ಅಷ್ಟು ವರ್ಷ ಲಿಫ್ಟ್ ನಡೆಸಿದರೂ ಅವರು ಒಂದು ದಿನ ಹತ್ತಿದವರಲ್ಲ. ಈಗ ಊಟವಾದ ಮೇಲೆ ಸ್ಟೂಲು ಹಿಡಿದುಕೊಂಡು ಬೀರುವಿನೊಳಗೆ ಹೋಗಿ ಕೂರತೊಡಗಿದರು. "ನಲವತ್ತಕ್ಕೆ ಬಿಡಪ್ಪಾ, ಅವಸರ ಏನಿಲ್ಲ." ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ಕಿವಿ ಗುಂಯ್ ಅಂತು ಕಣಮ್ಮ! ಎಷ್ಟು ಎತ್ತರ ಅಂತೀಯಾ!" ಎಂದು ನನಗೆ ವರದಿ ಒಪ್ಪಿಸುವರು.

"ಅತ್ತೆ, ನೀವೂ ಹೀಗೆ ಮಾಡಿದ್ರೆ ಅವರಿಗೆ ಬುದ್ಧಿ ಹೇಳೋರು ಯಾರು?"

"ಬುದ್ಧಿ ಆಮೇಲೆ ಹೇಳೋಣಮ್ಮ. ನಾಳೆ ಐವತ್ತಕ್ಕೆ ಕರ್ಕೊಂಡು ಹೋಗ್ತೀನಿ ಅಂದಿದಾನೆ."

5. ಟವರು ಕಟ್ಟಬೇಕೋ ಬೇಡವೋ ಎಂಬ ಬಗ್ಗೆ ನಮ್ಮಿಬ್ಬರ ನಡುವೆ ಬೀರುವಿನ ಬಾಗಿಲ ಮೂಲಕವೇ ಚರ್ಚೆ ನಡೆಯಿತು. ನಾನು ಹೊರಗಿನಿಂದ ಒಣಗಿದ ಬಟ್ಟೆ ಮಡಚುತ್ತ, ಅವರು ಒಳಗಿನಿಂದ.

"ಅರ್ಧ ಮಹಡಿ ಖಾಲಿ ಬಿದ್ದಿತ್ತು ಅಂತ ನೀವೇ ಹೇಳ್ತಿದ್ರಿ. ಮತ್ತೆ ಕಟ್ಟಿ ಯಾರನ್ನ ತುಂಬ್ತಾರೆ?"

"ಊರಿಗೆ ಮುಂದಿನ ಹಲ್ಲು ಬಿದ್ದ ಹಾಗೆ ಕಾಣುತ್ತೆ ಕಣೇ. ಹಾಗೇ ಬಿಡೋಕಾಗುತ್ತಾ?"

"ಮತ್ತೆ ಭೂಮಿ ನಡುಗಿದ್ರೆ?"

"ನಡುಗುತ್ತೆ ಅಂತ ಯಾರೂ ಏನೂ ಕಟ್ಟಬಾರ್ದಾ? ನಿನಗೆ ನಿನ್ನ ಬೆಡ್‌ಶೀಟಿನದ್ದೇ ಚಿಂತೆ."

ಬೆಡ್‌ಶೀಟಿನ ಮಾತು ಅವರ ಬಾಯಿಂದ ಬಂದದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ಯಾಕೆಂಬುದನ್ನು ತಮಗೆ ತಿಳಿಸಲೇಬೇಕಾಗಿದೆ. ಮದುವೆಯಾದ ಹೊಸದರಲ್ಲಿ ಅವರು, "ಅರವತ್ತನೇ ಮಹಡಿಗೆ ಹೋದಾಗಲೆಲ್ಲ ನಮ್ಮನೆ ಕಾಣುತ್ತೆ ಕಣೇ, ನೀನು ಬಟ್ಟೆ ಹಾಕೋದೂ ಕಾಣುತ್ತೆ" ಎಂದಿದ್ದರು. ನಾನು ನಂಬಲಿಲ್ಲ. ಮರುದಿನ ಸಂಜೆ ಬಂದವರೇ, "ಹಳದಿ ಬೆಡ್‌ಶೀಟನ್ನ ಎಡಗಡೆ ತುದಿಗೆ ಹಾಕಿದ್ದೆ, ಅಲ್ವಾ?" ಎಂದರು. ಹೌದು! ಅಂದಿನಿಂದ ಪ್ರತಿದಿನ ನಡುಮಧ್ಯಾಹ್ನದ ಆ ಚೂರು ಬೆಳಕಿನಲ್ಲಿ ನಾನು ತಾರಸಿಯಲ್ಲಿ ನಿಂತು ಟವರಿನ ತುದಿಗೆ ಕೈ ಬೀಸುತ್ತಿದ್ದೆ. ಬೆಳಿಗ್ಗೆ ಜಗಳವಾಗಿದ್ದರೆ ಹಳದಿಯನ್ನು ಒಳಗಿಟ್ಟು, ಬೇಕೆಂದೇ ಬರೀ ಕಂದು ಟವೆಲ್ಲುಗಳನ್ನು ಸಾಲಾಗಿ ಹಾಕುತ್ತಿದ್ದೆ. ಅಂಥ ಸಂಜೆ ಅವರು ಬೆಕ್ಕಿನ ಹಾಗೆ ಮೆಲ್ಲಗೆ ಒಳಗೆ ಬಂದು, ಕೇಳದೆಯೇ ಪಾತ್ರೆ ತೊಳೆದುಕೊಡುತ್ತಿದ್ದರು. ಒಮ್ಮೆ ಜ್ವರ ಬಂದು ತಂತಿಗೆ ಏನೂ ಹಾಕಿರಲಿಲ್ಲ. ಸಂಜೆ ಮಾತ್ರೆ ಹಿಡಿದುಕೊಂಡೇ ಬಂದರು. ಮೇಲಿನಿಂದ ಒಬ್ಬರು ನೋಡುತ್ತಿದ್ದಾರೆ ಎಂಬ ಧೈರ್ಯದಲ್ಲಿ ನಾನು ಇಪ್ಪತ್ತು ಚಿಲ್ಲರೆ ವರ್ಷ ಸಂಸಾರ ಮಾಡಿದ್ದೇನೆ.

6. ಹೀಗಿರುವಾಗ ಕಳೆದ ವಾರ ಅರವತ್ತನೇ ಮಹಡಿಯಲ್ಲಿದ್ದ ಆಫೀಸಿನ ಲೆಕ್ಕಪತ್ರದ ಮೇಡಂ, ಲಿಫ್ಟಿನವರು ಹೇಗಿದ್ದಾರೆಂದು ವಿಚಾರಿಸಲು ನಮ್ಮ ಮನೆ ಹುಡುಕಿಕೊಂಡು ಬಂದರು. ಬೀರುವಿನ ವಿಷಯ ಹೇಗೆ ಹೇಳಲಿ? "ಡ್ಯೂಟಿಯಲ್ಲಿದ್ದಾರೆ" ಎಂದು ತಾರಸಿಗೆ ಕರೆದುಕೊಂಡು ಹೋದೆ. ಮೇಲೆ ಕಾಲಿಟ್ಟವರೇ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು.

"ಅಯ್ಯೋ! ಇದೇ ನೀಲಿ ಟ್ಯಾಂಕು! ಹಾಗಾದ್ರೆ ನೀವೇನಾ ಹಳದಿ ಬೆಡ್‌ಶೀಟು?"

ನನಗೆ ತಲೆಬುಡ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು.

"ದಿನಾ ಸಂಜೆ ನಾವು ಇಳಿಯುವಾಗ ಕೇಳ್ತಿದ್ರು ಕಣ್ರೀ. 'ಮೇಡಂ, ಮೂರನೇ ಅಡ್ಡರಸ್ತೆ, ನೀಲಿ ಟ್ಯಾಂಕು, ತಂತಿ ಮೇಲೆ ಇವತ್ತು ಏನಿತ್ತು?' ಅಂತ. ಮರೆತು ಹೋದ್ರೆ ಪಾಪ ಮುಖ ಇಷ್ಟೇ ಆಗ್ತಿತ್ತು. ಅದಕ್ಕೇ ನಾವು ಊಟದ ಹೊತ್ತಲ್ಲಿ ಯಾರಾದ್ರೂ ಒಬ್ರು ಕಿಟಕಿ ಹತ್ರ ಹೋಗಿ ನೋಡ್ಕೊಂಡು ಬರ್ತಿದ್ವಿ. ಕಂದು ಟವೆಲ್ ದಿನ ನಮ್ಮ ಮ್ಯಾನೇಜರು ಲಿಫ್ಟಲ್ಲೇ ಬುದ್ಧಿ ಹೇಳ್ತಿದ್ರು, 'ಇವತ್ತು ನೆಟ್ಟಗೆ ಮನೆಗೆ ಹೋಗಪ್ಪಾ, ಎದುರು ಮಾತಾಡ್ಬೇಡ' ಅಂತ."

"ಮತ್ತೆ... ನಾನು ಕೈ ಬೀಸ್ತಿದ್ದದ್ದು?"

"ನಾವೂ ಬೀಸ್ತಿದ್ವಲ್ಲ! ಇಡೀ ಸೆಕ್ಷನ್ನು!"

ಮಾನ್ಯರೇ, ಇಪ್ಪತ್ತು ಚಿಲ್ಲರೆ ವರ್ಷ ನಾನು ಗಂಡನಿಗೆಂದು ಬೀಸಿದ ಕೈಯನ್ನು ಲೆಕ್ಕಪತ್ರ ವಿಭಾಗವು ಸ್ವೀಕರಿಸಿದೆ. ನಮ್ಮ ಮನೆಯ ಪ್ರತಿಯೊಂದು ಜಗಳವೂ ಅರವತ್ತನೇ ಮಹಡಿಯ ಗಮನಕ್ಕೆ ಬಂದು, ಮ್ಯಾನೇಜರ ಹಂತದಲ್ಲಿ ಇತ್ಯರ್ಥವಾಗಿದೆ.

7. ಮೇಡಂ ಹೋದ ಮೇಲೆ ಬೀರುವಿನ ಬಾಗಿಲು ತಟ್ಟಿದೆ.

"ಮೇಲಕ್ಕಾ, ಕೆಳಕ್ಕಾ?"

"ಕೆಳಕ್ಕೆ. ಅರವತ್ತರ ಮೇಡಂ ಬಂದಿದ್ರು. ಎಲ್ಲ ಹೇಳಿದ್ರು. ಇಳೀರಿ."

ಅವರ ಮುಖ ಪೆಚ್ಚಾಯಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಿಮಗೆ ಯಾವತ್ತೂ ಕಾಣ್ಲಿಲ್ವೇನ್ರೀ?"

"ಲಿಫ್ಟಿಗೆ ಕಿಟಕಿ ಎಲ್ಲಿರುತ್ತೆ ಕಣೇ?"

"ಮತ್ತೆ ಯಾಕೆ ಹಾಗಂದ್ರಿ?"

"ಹೊಸದಾಗಿ ಮದುವೆ ಆಗಿತ್ತು. ಸ್ವಲ್ಪ ಜಂಬ. ಆಮೇಲೆ ನಿಜ ಹೇಳೋಣ ಅಂದ್ರೆ, ಅಷ್ಟರಲ್ಲಿ ನೀನು ಕೈ ಬೀಸೋಕೆ ಶುರು ಮಾಡಿಬಿಟ್ಟೆ. ಹೇಗೆ ಹೇಳ್ಲಿ?"

"ಒಂದ್ಸಲ ಇಳಿದು ಕಿಟಕಿ ಹತ್ರ ಹೋಗಿ ನೋಡಬಾರ್ದಿತ್ತಾ?"

"ಡ್ಯೂಟಿಯಲ್ಲಿ ಲಿಫ್ಟ್ ಬಿಟ್ಟು ಇಳಿಯೋ ಹಾಗಿಲ್ಲ. ನಿವೃತ್ತಿ ದಿನ ಇಳೀತೀನಿ ಅಂದ್ಕೊಂಡಿದ್ದೆ. ಆವತ್ತು ಯಾರು ಏನಂತಾರೆ? ಕಿಟಕಿ ಹತ್ರ ನಿಂತು, ನೀನು ಕೈ ಬೀಸೋದನ್ನ ನಾನೇ ನೋಡಿ, ನಾನೂ ಬೀಸಿ, ಆಮೇಲೆ ಮನೆಗೆ ಬಂದು ನಿಜ ಹೇಳೋದು ಅಂತ." ಟೋಪಿಯ ಅಂಚು ಸರಿಮಾಡಿದರು. "ಅರವತ್ತು ಮಹಡಿ ಕಣೇ. ಎಲ್ಲಿಗೆ ಹೋಗುತ್ತೆ ಅಂದ್ಕೊಂಡೆ."

ನನಗೆ ಕೋಪ ಬರಬೇಕಿತ್ತು. ಕೋಪಕ್ಕೆ ನಾನು ಸಿದ್ಧವಾಗಿಯೇ ಇದ್ದೆ, ಸೊಂಟದ ಮೇಲೆ ಕೈಯೂ ಇಟ್ಟುಕೊಂಡಿದ್ದೆ. ಬಂದದ್ದು ನಗು. ನಗು ತಡೆಯಲಾಗದೆ ಬೀರುವಿನೊಳಗೇ ಕುಸಿದು ಕೂತೆ, ಅವರೂ ಪಕ್ಕದಲ್ಲಿ ಕೂತರು, ಕೋಟುಗಳೆಲ್ಲ ನಮ್ಮ ತಲೆ ಮೇಲೆ ಬಿದ್ದವು. ಆಮೇಲೆ ಇಬ್ಬರೂ ಅತ್ತೆವು. ಮನುಷ್ಯ ತಾನು ಕಾಣದ್ದನ್ನು ಊರವರನ್ನೆಲ್ಲ ಕೇಳಿ ಕೇಳಿ ನನಗಾಗಿ ಮನೆಗೆ ತಂದಿದ್ದಾನೆ! ಈ ವಯಸ್ಸಿನಲ್ಲಿ, ಅರ್ಜಿಯಲ್ಲಿ, ಸರ್ಕಾರಿ ಸಮಿತಿಯ ಮುಂದೆ ಬರೆಯಬಾರದು, ಆದರೂ ಬರೆಯುತ್ತಿದ್ದೇನೆ: ನನ್ನ ಗಂಡನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆ ಯಾವತ್ತೂ ಬಂದಿರಲಿಲ್ಲ. ಮೇಲ್ಕಂಡ ಪ್ರೀತಿಯು ಇಂದಿಗೂ ಜಾರಿಯಲ್ಲಿರುತ್ತದೆ.

8. ಇಲ್ಲಿಗೆ ಮುಗಿದಿದ್ದರೆ ತಮಗೆ ಒಂದೇ ಅಭಿಪ್ರಾಯ ಸಿಗುತ್ತಿತ್ತು. ಮಾರನೇ ಬೆಳಿಗ್ಗೆ ನಾನು ಎದ್ದವಳೇ, "ಕಟ್ಟಲಿ ರೀ! ಅರವತ್ತಲ್ಲ, ಎಪ್ಪತ್ತು ಮಹಡಿ ಕಟ್ಟಲಿ! ಬೆಡ್‌ಶೀಟು ಹಸಿಯಾದ್ರೆ ಆಗ್ಲಿ, ನೀವು ಮೇಲೆ ಹೋಗಿ ನೋಡ್ಲೇಬೇಕು" ಎಂದೆ. ಅವರು ಬೀರುವಿಗೆ ಹೋಗಲಿಲ್ಲ. ಹಗಲು ಹೊತ್ತಿನಲ್ಲಿ ನಮ್ಮ ತಾರಸಿ ಹೇಗಿರುತ್ತದೆಂದು ಸರಿಯಾಗಿ ನೋಡೇ ಇಲ್ಲವೆಂದು ಮೇಲಕ್ಕೆ ಬಂದರು. ಬೆಡ್‌ಶೀಟುಗಳ ನಡುವೆ ಚಾಪೆ ಹಾಕಿ, ಬಿಸಿಲಿಗೆ ಬೆನ್ನು ಕೊಟ್ಟು ಕೂತರು. ಕೂತವರು ಒರಗಿದರು. ಒರಗಿದವರು ಗೊರಕೆ ಹೊಡೆದರು. ಎದ್ದು ಕಣ್ಣುಜ್ಜಿಕೊಂಡು ಹೇಳಿದ ಮೊದಲ ಮಾತು:

"ಕಟ್ಟೋದು ಬೇಡ ಕಣೇ. ಈ ಬಿಸಿಲು ಹೋಗಿಬಿಡುತ್ತೆ."

"ಊರಿಗೆ ಹಲ್ಲು ಬಿದ್ದ ಹಾಗೆ ಕಾಣಲ್ವಾ?"

"ಹಲ್ಲಿಲ್ಲದೇ ಇದ್ರೆ ಏನಾಯ್ತು? ಅಮ್ಮನಿಗೂ ಇಲ್ಲ, ಚೆನ್ನಾಗೇ ನಗ್ತಾಳೆ."

ಆದ್ದರಿಂದ ಈಗ ಅವರು 'ಬೇಡ', ನಾನು 'ಬೇಕು'. ಅವರ ವಾದಗಳನ್ನು ನಾನು, ನನ್ನ ವಾದಗಳನ್ನು ಅವರು, ಒಂದಕ್ಷರ ಬಿಡದೆ ಮಾಡುತ್ತಿದ್ದೇವೆ. ಅವರದ್ದು ಭಾವನೆ, ನನ್ನದು ವ್ಯವಹಾರ ಎಂದು ಮೊದಲು ಅಂದುಕೊಂಡಿದ್ದೆ. ಈಗ ಬಿಸಿಲಿನಲ್ಲಿ ಮಲಗಿದವರದ್ದು ವ್ಯವಹಾರವೇ? ಹಸಿ ಬೆಡ್‌ಶೀಟಿಗೆ ಒಪ್ಪಿದವಳದ್ದು ಭಾವನೆಯೇ? ತಮ್ಮ ಎರಡು ಚೌಕಗಳ ನಡುವಿನ ಗೆರೆಯ ಮೇಲೆ ಗುರುತು ಹಾಕಿದ್ದೇನೆ. ದಯವಿಟ್ಟು ಸ್ವೀಕರಿಸಬೇಕು.

9. (ಇದನ್ನು ಅತ್ತೆ ಬರೆಸಿದ್ದು.) ಯಾರಿಗೆ ಏನು ಬೇಕೋ ಮಾಡಿಕೊಳ್ಳಲಿ. ನನ್ನ ಲಿಫ್ಟ್ ನಿಂತುಹೋಗಿದೆ. ಅರವತ್ತು ಇನ್ನೂ ಬಾಕಿ ಇತ್ತು.

10. ತಮ್ಮ ಕಚೇರಿಯ ಎದುರು ಅವಶೇಷ ತೆಗೆಯಲು ತಂದಿರುವ ದೊಡ್ಡ ಕ್ರೇನ್ ಒಂದಿದೆ. ಅರವತ್ತು ಮಹಡಿಯಷ್ಟು ಎತ್ತರವಿಲ್ಲ, ಅಷ್ಟು ಬೇಕಾಗಿಯೂ ಇಲ್ಲ. ಕೆಲಸಗಾರರು ಏರಲು ಅದಕ್ಕೊಂದು ಬುಟ್ಟಿ ಇದೆ. ನಿನ್ನೆ ಕ್ರೇನಿನವರನ್ನು ಕೇಳಿದೆ. "ಮೇಲಿಂದ ನಿಮ್ಮ ಅಡ್ಡರಸ್ತೆ ಚೆನ್ನಾಗಿ ಕಾಣುತ್ತಮ್ಮ. ನೀಲಿ ಟ್ಯಾಂಕು ಮನೆ ಅಲ್ವಾ? ಆದ್ರೆ ಸಮಿತಿ ಬರೆದು ಕೊಡ್ದೇ ಯಾರನ್ನೂ ಹತ್ತಿಸೋ ಹಾಗಿಲ್ಲ. ಅವಶೇಷ ಮುಗೀತು ಅಂದ್ರೆ ಗಾಡಿ ಬೇರೆ ಊರಿಗೆ" ಎಂದರು. ಅವಶೇಷ ಮುಗಿಯುತ್ತ ಬಂದಿದೆ. ತಾವು ಕಟ್ಟುವುದಾದರೂ ಅರವತ್ತನೇ ಮಹಡಿ ಏಳುವ ಹೊತ್ತಿಗೆ ನಾವು ಎಲ್ಲಿರುತ್ತೇವೋ. ಕಟ್ಟದಿದ್ದರೆ ಈ ಊರಿನಲ್ಲಿ ಅಷ್ಟು ಎತ್ತರ ಇನ್ನೆಲ್ಲಿದೆ? ಇನ್ನೊಂದು ಸಲ 'ಎಲ್ಲಿಗೆ ಹೋಗುತ್ತೆ' ಎಂದುಕೊಂಡು ಕೂರಲು ನಾನು ತಯಾರಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳ ಕಾರಣ, ಟವರು ಕಟ್ಟುವ ಅಥವಾ ಬಿಡುವ ತೀರ್ಮಾನವನ್ನು ತಮ್ಮ ವಿವೇಚನೆಗೆ ಬಿಟ್ಟು, ನಮ್ಮ ಮನೆಯ ಒಂದೇ ಅಭಿಪ್ರಾಯದ ಬದಲಿಗೆ ಈ ಕೆಳಗಿನ ಒಂದೇ ಕೋರಿಕೆಯನ್ನು ಮಂಜೂರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಇದಕ್ಕೆ ಮನೆಯಲ್ಲಿ ಯಾರ ವಿರೋಧವೂ ಇಲ್ಲ. ಯಜಮಾನರಿಗೆ ಇನ್ನೂ ಹೇಳಿಲ್ಲ. ಅವರು ತಾರಸಿಯಲ್ಲಿ ಮಲಗಿದ್ದಾರೆ.

ಅ. ಮೋಡವಿಲ್ಲದ ಒಂದು ದಿನ, ನಡುಮಧ್ಯಾಹ್ನ, ಅವರನ್ನು ಕ್ರೇನಿನ ಬುಟ್ಟಿಯಲ್ಲಿ ತುದಿಯವರೆಗೆ ಏರಿಸುವುದು. ಕೈ ಬೀಸಿ ಮುಗಿಯುವವರೆಗೆ ಕೆಳಗಿಳಿಸಬಾರದು.

ಆ. ಗುಂಡಿ ಒತ್ತುವ ಕೆಲಸವನ್ನು ಅವರಿಗೆ ಕೊಡಬಾರದು. ಅವರು ಕೈ ಹಾಕಲು ಬಂದರೆ ತಡೆಯತಕ್ಕದ್ದು.

ಇ. ಕ್ರೇನಿನವರು ಅವರನ್ನು, "ಎಷ್ಟನೇ ಮಹಡಿ, ಸಾರ್?" ಎಂದು ಕೇಳತಕ್ಕದ್ದು. ಇಷ್ಟು ವರ್ಷದಲ್ಲಿ ಅವರನ್ನು ಯಾರೂ ಹಾಗೆ ಕೇಳಿಲ್ಲ.

ಈ. ಅತ್ತೆ ಬುಟ್ಟಿಯೊಳಗೆ ಸ್ಟೂಲು ಇಡಲು ಬಂದಲ್ಲಿ, ಜಾಗವಿದ್ದರೆ ಪರಿಗಣಿಸುವುದು.

ಬಿಸಿಲಿರಲಿ ನೆರಳಿರಲಿ,
ತಮ್ಮ ವಿಶ್ವಾಸಿ,
ಹಳದಿ ಬೆಡ್‌ಶೀಟು
(ಅರವತ್ತನೇ ಮಹಡಿಯಲ್ಲಿ ಈ ಹೆಸರಿನಿಂದಲೇ ಪರಿಚಿತಳು)

ಲಗತ್ತುಗಳು:
1. ತಮ್ಮ ಹಿಂಬರಹ, ಮೂಲಪ್ರತಿ. ಟೀ ಕಲೆ ಅತ್ತೆಯದು. ಕಪ್ಪಿಗೆ ಹಿಡಿ ಇಲ್ಲ.
2. ಬಿಸಿಲಿನಲ್ಲಿ ಒಣಗಿದ ದಿಂಬಿನ ಕವರು ಒಂದು, ಸಮಿತಿಯ ಸದಸ್ಯರು ಮುಖ ಒತ್ತಿ ನೋಡುವ ಸಲುವಾಗಿ. ಲಾಡ್ಜಿಗೆ ಸೇರಿದ್ದು, ವಾಪಸು ಕೊಡತಕ್ಕದ್ದು.
3. ಅರವತ್ತನೇ ಮಹಡಿಯ ಲೆಕ್ಕಪತ್ರ ವಿಭಾಗದವರೆಲ್ಲರ ಸಹಿ, 'ಅವರು ಹೋಗಿ ನೋಡಲಿ, ಸಾಕು' ಎಂದು.
4. ಆ ದಿನ ತಂತಿಯ ಮೇಲೆ ಏನು ಹಾಕಿರುತ್ತೇನೆ ಎಂಬ ವಿವರ: ಲಗತ್ತಿಸಿಲ್ಲ. ತಮ್ಮ ಕಚೇರಿಯಲ್ಲಿ ಯಾರಾದರೂ ಅವರಿಗೆ ಮುಂಚೆಯೇ ಹೇಳಿಬಿಡುವ ಸಂಭವವಿದೆ. ಸಂಜೆ ಮನೆಗೆ ಬಂದು ಅವರೇ ಹೇಳಲಿ.